ಹಾರ್ಲೋ ಗುಡ್ಡಕ್ಕೆ ಮರಳು ಬಿದ್ದಿಲ್ಲ

ಫೋನು ಮೂರನೆಯ ಸಲ ಬಡಿದುಕೊಂಡಾಗ ಹ್ಯಾಟಿಯೇ ಎತ್ತಿದಳು. ಬೆಳಗಿನ ಐದು ಗಂಟೆ. ಅಪ್ಪ ರಸ್ತೆ ನೋಡಿಕೊಂಡು ಬಂದು ಹೊರಗೆ ಕಾರಿನ ಗಾಜಿನ ಮೇಲಿದ್ದ ಹಿಮ ಕೆರೆಯುತ್ತಿದ್ದ.

"ಯಾರು, ಹ್ಯಾಟಿನಾ? ಇಷ್ಟು ಬೇಗ ಎದ್ಬಿಟ್ಯಾ?" ವರ್ನ್ ಅಂಕಲ್ ದನಿ. ಊರ ರಸ್ತೆಗಳ ಹಿಮ ಗೋರುವ ಲಾರಿ ಅವರದು. "ಅಪ್ಪಂಗೆ ಹೇಳಮ್ಮ, ಹಾರ್ಲೋ ಗುಡ್ಡದ ಮೇಲಿನ ತಿರುವು ಪೂರ್ತಿ ಮಂಜುಗಡ್ಡೆ. ಜಾರದ ಹಾಗೆ ಮರಳು ಹಾಕೋ ಲಾರಿ ಕೆಟ್ಟು ನಿಂತಿದೆ. ಒಂಬತ್ತು ಗಂಟೆವರೆಗೂ ಏನೂ ಮಾಡೋಕಾಗಲ್ಲ. ಬಾಕಿ ಕಡೆ ಪರ್ವಾಗಿಲ್ಲ. ಮರೀದೆ ಹೇಳ್ತೀಯಲ್ಲ?"

"ಹ್ಞೂಂ," ಅಂದಳು ಹ್ಯಾಟಿ.

ಫೋನು ಇಟ್ಟು ಅಲ್ಲೇ ನಿಂತಳು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸುತ್ತಲಿನ ಐದು ಊರುಗಳ ಶಾಲೆಗಳಿಗೆ ಅಪ್ಪನೇ ಸೂಪರಿಂಟೆಂಡೆಂಟ್. ಹಿಮ ಬಿದ್ದ ದಿನ ಶಾಲೆ ಉಂಟೋ ಇಲ್ಲವೋ ಎಂದು ಹೇಳಬೇಕಾದವನು ಅವನೇ. ಅದಕ್ಕೇ ನಾಲ್ಕಕ್ಕೆ ಎದ್ದು ಕಾರು ತೆಗೆದುಕೊಂಡು ಹೋಗುತ್ತಾನೆ. ಚರ್ಚಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಒತ್ತಿ ನೋಡುತ್ತಾನೆ. ಗುಡ್ಡದ ವಿಷಯ ಮಾತ್ರ ವರ್ನ್ ಅಂಕಲ್ ಹೇಳಿದ್ದೇ ಕೊನೆ. ಐದೂವರೆಯೊಳಗೆ ತೀರ್ಮಾನ ಆಗಬೇಕು, ಆಮೇಲೆ ಬಸ್ಸುಗಳು ಹೊರಟುಬಿಡುತ್ತವೆ. ಒಂದು ಬಸ್ಸು ಹೊರಡಲಾಗದಿದ್ದರೂ ಐದೂ ಊರಿಗೆ ರಜೆ.

ರಜೆ ಕೊಟ್ಟರೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೈಯುತ್ತಾರೆ. ಕೊಡದೆ ಬಸ್ಸು ಜಾರಿದರೆ ಎಲ್ಲರೂ ಬೈಯುತ್ತಾರೆ. ಅತ್ತ ದರಿ, ಇತ್ತ ಪುಲಿ. ಇಂಥ ಕೆಲಸ ಯಾರಿಗೂ ಬೇಡಪ್ಪ.

ಹಿಮದ ರಜೆ ಬೇಕೆಂದರೆ ಮಕ್ಕಳ ಬಳಿ ಒಂದು ಉಪಾಯವಿದೆ. ಪೈಜಾಮ ಉಲ್ಟಾ ಹಾಕಿಕೊಂಡು, ದಿಂಬಿನ ಕೆಳಗೆ ಚಮಚ ಇಟ್ಟು ಮಲಗಬೇಕು. ನಿನ್ನೆ ರಾತ್ರಿ ಹ್ಯಾಟಿ ಅದರಲ್ಲಿ ಒಂದನ್ನೂ ಮಾಡಿರಲಿಲ್ಲ. ಪೈಜಾಮ ಸರಿಯಾಗಿದೆಯೇ ಎಂದು ಎರಡೆರಡು ಸಲ ನೋಡಿಕೊಂಡು ಮಲಗಿದ್ದಳು.

ಏಕೆಂದರೆ ಇವತ್ತು ಶಾಲೆಯಲ್ಲಿ ಗೆಳತಿ ಜೂನಿಯ ಕೊನೆಯ ದಿನ. ಅವಳ ಅಪ್ಪನಿಗೆ ಟೆಕ್ಸಸ್‌ನಲ್ಲಿ ಕೆಲಸ ಸಿಕ್ಕಿತ್ತು. ಶಾಲೆ ಬಿಟ್ಟ ಕೂಡಲೇ ಅವರು ಹೊರಡುವವರಿದ್ದರು. ತರಗತಿಯ ಹದಿನಾಲ್ಕು ಮಕ್ಕಳೂ ಒಂದೊಂದು ಬಟ್ಟೆಯ ಚೌಕ ಹೊಲಿದು, ಟೀಚರ್ ಅವನ್ನು ಜೋಡಿಸಿ ಕೌದಿ ಮಾಡಿದ್ದರು. ಹ್ಯಾಟಿಯ ಚೌಕದಲ್ಲಿ ಎರಡು ಉಯ್ಯಾಲೆಗಳಿದ್ದವು. ಬೆರಳಿಗೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡಿದ್ದಳು. ಮಧ್ಯಾಹ್ನ ಆ ಕೌದಿಯನ್ನು ಜೂನಿಗೆ ಹೊದಿಸುವವಳು ಹ್ಯಾಟಿಯೇ.

ಈಗ ಅದು ಶಾಲೆಯ ಬೀರುವಿನಲ್ಲಿತ್ತು.

ಅಪ್ಪ ಬೂಟು ಕೊಡವಿ ಒಳಗೆ ಬಂದ. "ಚರ್ಚಿನ ಹತ್ರ ಕಾರು ಚೆನ್ನಾಗಿ ನಿಂತಿತು. ವರ್ನ್ ಫೋನ್ ಮಾಡಿದ್ನಾ?"

"ಮಾಡಿದ್ರು."

"ಏನಂದ?"

"ಪರ್ವಾಗಿಲ್ಲ ಅಂದ್ರು."

ಪೂರ್ತಿ ಸುಳ್ಳೇನಲ್ಲ, ಅಂದರಲ್ಲ ಅವರು ಹಾಗೆ. ಹ್ಯಾಟಿ ಮನಸ್ಸಿನಲ್ಲೇ ಹೇಳಿಕೊಂಡಳು.

"ಸದ್ಯ," ಎಂದು ಅಪ್ಪ ಬಸ್ಸಿನವರ ನಂಬರು ಒತ್ತಿದ. "ನಿಮ್ಮ ಕೌದಿ ಕಾರ್ಯಕ್ರಮಕ್ಕೆ ಅಡ್ಡಿ ಆಗಲಿಲ್ಲ ಬಿಡು."

ಹ್ಯಾಟಿ ಕಿಟಕಿಯ ಕಡೆ ನೋಡಿದಳು. ಹೊರಗೆ ಗುಡ್ಡ ಕಾಣುವಷ್ಟು ಬೆಳಕಿರಲಿಲ್ಲ. ಏಳನೆಯ ನಂಬರಿನ ಬಸ್ಸು ಖಾಲಿಯಾಗಿ ಗುಡ್ಡದ ನೆತ್ತಿಗೆ ಹೋಗುತ್ತದೆ. ಅಲ್ಲಿ ಮೊದಲು ಹತ್ತುವವಳು ಜೂನಿ. ಎಡಗಡೆಯ ಕಿಟಕಿಯ ಪಕ್ಕ ಕೂತುಕೊಳ್ಳುತ್ತಾಳೆ. ಆಮೇಲೆ ಆ ತಿರುವು.

"ಅಪ್ಪ, ಫೋನ್ ಇಡು."

"ತಾಳು, ರಿಂಗ್ ಆಗ್ತಿದೆ."

"ಇಡಪ್ಪ. ಮೇಲಿನ ತಿರುವು ಮಂಜುಗಡ್ಡೆ ಅಂತೆ. ಮರಳಿನ ಲಾರಿ ಕೆಟ್ಟಿದೆಯಂತೆ. ಬಾಕಿ ಕಡೆ ಪರ್ವಾಗಿಲ್ಲ ಅಂದಿದ್ದು."

ಅಪ್ಪ ಫೋನು ಇಟ್ಟ. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ಅವನ ಮುಖ ಮಾತ್ರ ಬಿಳಿಚಿಕೊಂಡಿತು. ಹ್ಯಾಟಿಗೆ ಅದನ್ನು ನೋಡಲಾಗಲಿಲ್ಲ.

"ನಂಗೂ ನೆನಪಿತ್ತು ಕಣೇ, ಇವತ್ತು ಜೂನಿ ಕೊನೇ ದಿನ ಅಂತ," ಅಂದ. "ನಾಲ್ಕು ಗಂಟೆಯಿಂದ ಅದೇ ಯೋಚನೆ."

ಮತ್ತೆ ನಂಬರು ಒತ್ತಿದ. "ಇವತ್ತು ರಜೆ," ಅಂದ. ಎರಡೇ ಮಾತು, ಎಲ್ಲ ಮುಗಿಯಿತು. ಹ್ಯಾಟಿ ಮೆಟ್ಟಿಲ ಮೇಲೆ ಕೂತು ಅತ್ತಳು.

ಏಳು ಗಂಟೆಗೆ ಜೂನಿಯೇ ಫೋನು ಮಾಡಿದಳು.

"ಹ್ಯಾಟಿ, ಇದು ನನ್ನಿಂದಾನೇ ಆಗಿದ್ದು. ರಾತ್ರಿ ಮೂರು ಚಮಚ ಇಟ್ಕೊಂಡು ಮಲಗಿದ್ದೆ."

"ನೀನಾ? ಯಾಕೆ?"

"ರೋಡ್ ಬಂದ್ ಆದ್ರೆ ನಾವೂ ಹೋಗೋ ಹಾಗಿರಲ್ಲ ಅಂದ್ಕೊಂಡೆ." ಜೂನಿ ಮೂಗು ಎಳೆದುಕೊಂಡಳು. "ಆದ್ರೆ ಮರಳು ಬಿದ್ದ ತಕ್ಷಣ ಹೊರಡೋದು ಅಂತಿದಾರೆ ಅಪ್ಪ. ಸಂಜೆ ಮತ್ತೆ ಹಿಮ ಬೀಳುತ್ತಂತೆ. ಹಿಂದೆ ಸಾಮಾನಿನ ಟ್ರೇಲರ್ ಇರುತ್ತೆ, ನಿಮ್ಮನೆ ಮುಂದೆ ಇಳಿಜಾರಲ್ಲಿ ನಿಲ್ಸೋಕಾಗಲ್ಲ. ನಾನು ಎಡಗಡೆ ಕಿಟಕೀಲಿ ಇರ್ತೀನಿ, ಸರೀನಾ?"

"ಸರಿ," ಅಂದಳು ಹ್ಯಾಟಿ. "ಕೌದಿ ಪೋಸ್ಟಲ್ಲಿ ಕಳಿಸ್ತೀವಿ."

ಮಾತು ಮುಗಿದ ಮೇಲೂ ಇಬ್ಬರೂ ಫೋನು ಇಡಲಿಲ್ಲ.

ಹತ್ತು ಗಂಟೆಗೆ ಮರಳಿನ ಲಾರಿ ಗುರುಗುಡುತ್ತಾ ಗುಡ್ಡ ಹತ್ತಿತು. ಐದು ಗಂಟೆಗೆ ಬರಬಾರದಿತ್ತೇ ಇದು? ಈಗಲಾದರೂ ಮತ್ತೆ ಕೆಟ್ಟು ನಿಲ್ಲಬಾರದೇ? ಹ್ಯಾಟಿಗೆ ಆ ಲಾರಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಲಾರಿ ಕೆಡಲಿಲ್ಲ. ಹಿಂದೆ ಕಂದು ಬಣ್ಣದ ಮರಳು ಸುರಿಸುತ್ತಾ ಮೇಲಕ್ಕೆ ಹೋಯಿತು.

ಹ್ಯಾಟಿ ಟೊಪ್ಪಿಗೆ ಹಾಕಿಕೊಂಡು ಗೇಟಿನ ಬಳಿ ನಿಂತಳು. ಅಪ್ಪ ಬಂದು ಪಕ್ಕದಲ್ಲಿ ನಿಂತ. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಬೈಯುವವರದೇ ಇರಬೇಕು. ಅವನು ತೆಗೆಯಲಿಲ್ಲ.

ಮೇಲಿನ ತಿರುವಿನಲ್ಲಿ ನೀಲಿ ಕಾರು ಕಾಣಿಸಿತು. ಹಿಂದೆ ಟ್ರೇಲರು. ಹ್ಯಾಟಿ ಅಪ್ಪನ ಕೈ ಹಿಡಿದುಕೊಂಡಳು. ಕಾರು ಮರಳಿನ ಮೇಲೆ ನಿಧಾನವಾಗಿ ತಿರುಗಿತು. ಟ್ರೇಲರೂ ತಿರುಗಿತು. ಚಕ್ರಗಳು ಜಾರಲಿಲ್ಲ.

ಅವಳು ಚಕ್ರಗಳನ್ನೇ ನೋಡುತ್ತಾ ನಿಂತಿದ್ದಳು. ಕಾರು ಎದುರಿಗೆ ಬಂದಾಗಲಷ್ಟೇ ಕಿಟಕಿಯ ನೆನಪಾಗಿ ತಲೆಯೆತ್ತಿದಳು. ಜೂನಿ ಗಾಜಿಗೆ ಎರಡೂ ಅಂಗೈ ಒತ್ತಿಕೊಂಡಿದ್ದಳು. ಹ್ಯಾಟಿ ಕೈ ಎತ್ತುವಷ್ಟರಲ್ಲಿ ಕಾರು ದಾಟಿಹೋಯಿತು.

"ಬಾ, ಚಳಿ," ಅಂದ ಅಪ್ಪ.

"ತಾಳಪ್ಪ," ಅಂದಳು ಹ್ಯಾಟಿ. "ಅವರ ಕಾರು ಕೆಳಗಿನ ಸೇತುವೆ ದಾಟಲಿ."