ವಾಳದ ತಟ್ಟಿಯ ಕಳವು

೧೯೩೬ರ ಮೇ ತಿಂಗಳು, ಹನ್ನೊಂದನೆಯ ತಾರೀಖು. ಅರಳೆ ವ್ಯಾಪಾರಿ ಮುರುಗೆಪ್ಪ ಬೆವರೊರೆಸಿಕೊಳ್ಳುತ್ತ ಹುಬ್ಬಳ್ಳಿ ಠಾಣೆಗೆ ಬಂದು ಫಿರ್ಯಾದಿ ಕೊಟ್ಟ. ಅವನ ಅಂಗಡಿ ಬಾಗಿಲಿಗೆ ಕಟ್ಟಿದ್ದ, ಲಾವಂಚದ ಬೇರಿನಿಂದ ಹೆಣೆದ ವಾಳದ ತಟ್ಟಿ ಬೆಳಗಾಗುವುದರೊಳಗೆ ಮಾಯವಾಗಿತ್ತು.

"ನೀರ ಹೊಡದರ ತಂಪ ಗಾಳಿ ಬರ್ತಿತ್ರಿ. ಇನ್ನ ನಾ ಹೆಂಗ ಬದಕಲಿ?"

ಫೌಜದಾರ ಮಡಿವಾಳಪ್ಪನಿಗೆ ನಗು ಬಂತು, ನಗಲಿಲ್ಲ. ಹಾಳು ಬಿಸಿಲು ಆ ವಾರ ಊರಲ್ಲಿ ಹೆಣ ಬೀಳಿಸಿತ್ತು. ಮುನಸಿಪಾಲಿಟಿಯವರು ಓಣಿಗೊಂದು ಅರವಟಿಗೆ ಇಟ್ಟು, ಮಧ್ಯಾಹ್ನ ಯಾರೂ ಹೊರಬೀಳಬಾರದೆಂದು ಡಂಗುರ ಸಾರಿಸಿದ್ದರು. ಎಫ್‌ಐಆರ್ ಬರೆದುಕೊಂಡ ಫೌಜದಾರ ಸರಿಯಾಗಿ ಮಧ್ಯಾಹ್ನಕ್ಕೇ ಹೊರಬಿದ್ದ!

"ಸಾಹೇಬ್ರ, ಒಣಗಿದರ ತಟ್ಟಿ ಬರೇ ಕಸ," ಎಂದ ಜೊತೆಗಿದ್ದ ಪೇದೆ ಮಕಬೂಲಸಾಬ. "ಕದ್ದವ್ರು ನೀರ ಹೊಡೀಲೇಬೇಕು. ಹೊಡದರ ವಾಸನಿ ಬರಲೇಬೇಕು."

ಹೀಗೆ ಸರಕಾರದ ಇಬ್ಬರು ನೌಕರರು ಹಳೇ ಹುಬ್ಬಳ್ಳಿಯ ಸಂದಿಗೊಂದಿಯಲ್ಲಿ ಮೂಗು ಅರಳಿಸಿಕೊಂಡು ತಿರುಗಿದರು. ಕಾಳವ್ವ ಎಂಬ ಕೂಲಿ ಹೆಂಗಸಿನ ಮನೆ ಮುಂದೆ ಲಾವಂಚದ ವಾಸನೆ ಹತ್ತಿ ಇಬ್ಬರೂ ಗಕ್ಕನೆ ನಿಂತರು. ಅವಳ ಸೊಸೆ ರತ್ನವ್ವ ಹಸಿ ಬಾಣಂತಿ. ಬಾಣಂತಿ ಕೋಣೆಯೆಂದರೆ ಎಂಥ ಬೇಸಿಗೆಯಲ್ಲೂ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಸಿಗಡಿ ಉರಿಸುವುದು ರೂಢಿ. ಇಲ್ಲಿ ಕಿಟಕಿ ತೆರೆದಿತ್ತು, ಅದಕ್ಕೆ ಕಟ್ಟಿದ ತಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ತಾಯಿ ಕೂಸು ನೆಮ್ಮದಿಯಿಂದ ಮಲಗಿದ್ದರು.

"ಮುಟ್ಟಬ್ಯಾಡ್ರಿ!" ಕಾಳವ್ವ ಅಡ್ಡ ಬಂದಳು. "ದರ್ಗಾದ ಪಡದಾ ಅದು. ಸೂಲಗಿತ್ತಿ ಖಾತುನಬಿ ಕಟ್ಟ್ಯಾಳ. ನೀರ ಆರಬಾರದಂತ, ಒಳಗ ಬೆಂಕಿ ಇಡಬಾರದಂತ."

ಖಾತುನಬಿಯನ್ನು ಕರೆಸಿ, ಹೊರಗಿನ ಕಟ್ಟೆಯ ಮೇಲೆ ವಿಚಾರಿಸಿದರು.

"ಎಲ್ಲಿಂದ ತಂದಿ?"

"ಮುರುಗೆಪ್ಪನ ಅಂಗಡಿಂದ ರೀ."

"ಕದ್ದು?"

"ಕೇಳಿದ್ದರ ಕೊಡ್ತಿದ್ನೇನ್ರಿ?"

ಪಂಚನಾಮೆ ಆಯಿತು. ತಟ್ಟಿ ಬಿಚ್ಚಿದರೆ ಒಳಗಿನ ಬಾಣಂತಿಯ ಗತಿ? ಫೌಜದಾರ ಕಳವಿನ ಮುದ್ದೇಮಾಲನ್ನು ಇದ್ದಲ್ಲೇ ಬಿಟ್ಟು, ಕಾಳವ್ವನ ತಾಬೆಗೆ ಕೊಟ್ಟ. "ನೀರ ಆರಿತೋ, ದರ್ಗಾದ ಸಿಟ್ಟಿನ ಜೋಡಿ ಸರಕಾರದ ಸಿಟ್ಟೂ ನಿನ್ನ ಮ್ಯಾಲ!" ಎಂದು ಗದರಿಸಿ, ಖಾತುನಬಿಯನ್ನು ದಸ್ತಗಿರಿ ಮಾಡಿದ.

ಠಾಣೆಯಲ್ಲಿ ನೀರು ಕುಡಿದ ಮೇಲೆ ಅವಳ ದುಃಖ ಒಡೆಯಿತು. "ಹೋದ ಬ್ಯಾಸಗ್ಯಾಗ ನನ್ನ ಮಗಳು ಮೈಮುನಾ ಗಂಡನ ಮನ್ಯಾಗ ಹಡದಳ್ರಿ. ಕಿಡಕಿ ತಗೀರಿ, ಸಿಗಡಿ ಆರಸ್ರಿ ಅಂತ ಬೀಗರ ಕಾಲ ಹಿಡದೆ. ಕೇಳಲಿಲ್ಲ. ಒಳಗಿನ ಧಗಿಗೆ ಬೆಂದ ಹೋದಳ್ರಿ ನನ್ನ ಮಗಳು. ಈ ಸಲ ನಾ ಯಾರ ಕಾಲೂ ಹಿಡೀಲಿಲ್ಲ."

ಮಕಬೂಲಸಾಬ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಸಂಜೆ ಜಾಮೀನಿಗೆ ಬಂದವಳು ಕಾಳವ್ವ.

"ಅದು ದರ್ಗಾದ್ದಲ್ಲ, ಗೊತ್ತಾತೇನ?" ಎಂದ ಫೌಜದಾರ.

"ಮೊದಲ ಗೊತ್ತಿತ್ರಿ. ಮುರುಗೆಪ್ಪನ ಅಂಗಡ್ಯಾಗ ಅರಳಿ ಹಿಂಜಾಕಿ ನಾ. ದಿನಾ ಆ ತಟ್ಟಿಗೆ ನೀರ ಹೊಡಿಯಾಕಿನೂ ನಾನ."

"ಮತ್ತ ಸುಮ್ನ್ಯಾಕಿದ್ದಿ?"

"ನಾನ ಕಿಡಕಿ ತಗದಿದ್ದರ, ಸೊಸೀನ ಕೊಲ್ಲಾಕತ್ತಾಳ ಅಂತಿದ್ರು ಓಣ್ಯಾನ ಮಂದಿ. ದರ್ಗಾದ್ದಂದ್ರ ಯಾರೂ ಬಾಯಿ ತಗೀಲಿಲ್ಲ."

ಜಾಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಕಾಳವ್ವ ಖಾತುನಬಿಯ ಕೈ ಹಿಡಿದು ಎಬ್ಬಿಸಿದಳು.

"ನಡಿಯವಾ, ಕೂಸಿಗೆ ಎರಿಯೋ ಹೊತ್ತಾತು."