ಹಳ್ಳ ಬಂತು

ಅಣ್ಣಿಗೇರಿಯ ಒಂದು ಮೊಬೈಲ್ ಅಂಗಡಿಗೆ ಬೀರೇಶ ಎರಡನೇ ಸಲ ಬಂದದ್ದು ಜಗಳಕ್ಕೆ. ಹೊಲದ ದಾರಿಗಳಲ್ಲಿ ಬೈಕು ಓಡಿಸುವುದು ಅವನ ಹುಚ್ಚು. ಫೋನಿನ ಮ್ಯಾಪ್ ನಂಬಿ ಕುಂದಗೋಳದ ಕಡೆ ಎರೆಹೊಲದಲ್ಲಿ ಬೈಕು ಹೂತು, ಇಡೀ ಹಗಲು ಅಲ್ಲೇ ಕಳೆದಿದ್ದ. ಫೋನ್ ಮಾರಿದ ಸವಿತಾಳದೇ ತಪ್ಪು ಅನ್ನುವುದು ಅವನ ವಾದ.

“ಆ ಮ್ಯಾಪಿಗೆ ಡಾಂಬರ್ ರೋಡಷ್ಟ ಗೊತ್ರಿ. ಹೊಲದ ದಾರಿ ಹಿಡಿಯವರು ಬ್ಯಾರೆ ಜಿಪಿಎಸ್ ತಗೋಬೇಕು,” ಎಂದಳು ಅವಳು, ತಲೆ ಎತ್ತದೆ. ಎತ್ತದಿದ್ದರೂ ಅವನ ಕೆನ್ನೆಗೆ ಅಂಟಿದ ಕೆಸರನ್ನು ನೋಡಿಯಾಗಿತ್ತು.

ಇಬ್ಬರೂ ಕೂಡಿಯೇ ಒಂದು ಜಿಪಿಎಸ್ ಆರಿಸಿದರು. ಗ್ಲೌಸ್ ಹಾಕಿಕೊಂಡೇ ಒತ್ತಬಹುದಾದ ಬಟನ್ನಿನದು, ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ತೋರಿಸುವಂಥದ್ದು. ಜೊತೆಗೆ ಸಿಮ್ ಹಾಕಿದ ಸಣ್ಣ ಟ್ರ್ಯಾಕರ್. ಅವನಿದ್ದ ಜಾಗ ಅವಳ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಕಾಣುತ್ತಿತ್ತು. ಅವನು ಅದನ್ನು ಹ್ಯಾಂಡಲ್ಲಿಗೆ ಕಟ್ಟಲು ಹೋದಾಗ ಕಸಿದುಕೊಂಡು ಅವನ ಜಾಕೆಟ್ಟಿನ ಹೆಗಲಿಗೆ ಸಿಕ್ಕಿಸಿದಳು.

“ಗಾಡಿ ಸಿಕ್ರ ಏನ್ ಮಾಡ್ಲಿ? ನೀ ಸಿಗಬೇಕು.”

ಅವಳ ಬೆರಳು ಹೆಗಲ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅವನ ಕಿವಿ ಕೆಂಪಾಯಿತು.

ಆಮೇಲೆ ದಾರಿ ಹೇಳುವುದು ಅವಳ ಕೆಲಸ, ಓಡಿಸುವುದು ಅವನ ಕೆಲಸ ಎಂದಾಯಿತು. ಹೆಲ್ಮೆಟ್ಟಿನೊಳಗೆ ಅವಳ ದನಿ ಕೇಳಿತೆಂದರೆ ಸಾಕು, ಪುಣ್ಯಾತ್ಮ ಹಿಂದೆಮುಂದೆ ನೋಡುತ್ತಿರಲಿಲ್ಲ.

ಮಳೆಗಾಲದ ಒಂದು ದಿನ ಅವನು ಹೊಸ ಹೊಲದಾರಿ ಹಿಡಿದು ಬಂದು, ಅವಳ ತಾಯಿ ಬಸಕ್ಕನ ಹತ್ತಿರ ಮದುವೆಯ ಮಾತಾಡುವುದಿತ್ತು. ಅಣ್ಣಿಗೇರಿಯಲ್ಲಿ ಚುರುಚುರು ಬಿಸಿಲು. ಮೇಲಿನ ಊರುಗಳಲ್ಲಿ ಮಳೆ ಹೊಡೆದದ್ದು ಸವಿತಾಳಿಗೆ ಗೊತ್ತಿರಲಿಲ್ಲ. ಎಲ್ಲಿದ್ದೀ ಎಂದು ಕೇಳಿದಳು.

“ಹಳ್ಳ ಬಂತು,” ಎಂದ ಬೀರೇಶ.

ಚುಕ್ಕೆಯೂ ಹಳ್ಳದ ದಂಡೆಯಲ್ಲೇ ನಿಂತಿತ್ತು. ಊರು ಬಂತು, ಹಳ್ಳ ಬಂತು ಎಂದು ದಾರಿಯಲ್ಲಿರುವವರು ಹೇಳುವುದೇ ಹಾಗೆ.

“ದಾಟಿ ಬಾ. ಅವ್ವ ಕಾಯಾಕತ್ತಾಳ.”

ಅವನು ಹೂಂ ಎಂದ.

ಚುಕ್ಕೆ ಹಳ್ಳಕ್ಕಿಳಿಯಿತು. ನಡುವೆ ತಡವರಿಸಿ ಪಕ್ಕಕ್ಕೆ ತಿರುಗಿತು. ಆಮೇಲೆ ಹಳ್ಳದ ಗುಂಟ ಓಡತೊಡಗಿತು. ಅಲ್ಲಿ ಬೈಕು ಹೋಗುವಂಥ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಹಳ್ಳ ಬಂತು ಅಂದರೆ ಪ್ರವಾಹ ಬಂತು ಎಂದೇ ಅರ್ಥ. ಅದು ಹೊಳೆದದ್ದೇ ಅವಳು ಫೋನ್ ಹಿಡಿದು ಹೊರಗೆ ಓಡಿದಳು.

ಚುಕ್ಕೆ ಒಂದೆಡೆ ನಿಂತಿತು. ಬಾಜು ಅಂಗಡಿಯ ಅಕೀಲನ ಟ್ರ್ಯಾಕ್ಟರಿನಲ್ಲಿ ಹೋಗಿ, ಜಾಲಿಕಂಟಿಯ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಅವನನ್ನು ಎತ್ತಿ ತಂದರು. ಜೀವವಿತ್ತು. ಆದರೆ ಬೆನ್ನುಹುರಿ ಜಜ್ಜಿಹೋಗಿತ್ತು. ಇನ್ನು ಕಾಲು ಬರುವುದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು.

ಅಂಥ ನೀರಿಗೆ ಯಾಕೆ ಇಳಿದೆ ಎಂದು ಅವನ ಅಪ್ಪ ಹೊಳೆಯಪ್ಪ ಕೇಳಿ ಕೇಳಿ ಸೋತ. ಬೀರೇಶ ಬಾಯಿ ಬಿಡಲಿಲ್ಲ. ಕೊನೆಗೆ ಸವಿತಾಳೇ ಎಲ್ಲರೆದುರು ಹೇಳಿದಳು, ದಾಟು ಅಂದವಳು ತಾನು ಎಂದು. ಹೊಳೆಯಪ್ಪ ಅವಳ ಮುಖ ನೋಡದೆ ಎದ್ದು ಹೊರಗೆ ಹೋದ. ಉಳಿದವರೂ ಹೋದರು.

“ನೀ ಹಳ್ಳದ ತನಕಾ ಬಂದಿ ಅಂತ ತಿಳ್ಕೊಂಡ್ನಿ,” ಎಂದಳು ಸವಿತಾ. “ಕಣ್ಣಮುಂದ ನೀರು ಹರ್ಯಾಕತ್ತಿತ್ತಲ್ಲೋ. ಯಾಕ ಇಳದಿ?”

“ನೀ ದಾಟು ಅಂದಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಮಂಚದ ಅಂಚಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

“ಇನ್ನ ಮ್ಯಾಲೆ ನನ್ನ ಮಾತು ಕೇಳಬ್ಯಾಡ, ಬೀರೇಶ.”

ಅವನು ಮಲಗಿದಲ್ಲಿಂದಲೇ ಕೈ ಚಾಚಿದ. ಅವಳ ಕೂದಲ ಮೇಲೆ ಇಟ್ಟ.

“ಮತ್ತ ಯಾರದು ಕೇಳ್ಲಿ?”