ಹೆಸರು ಕೂಗುವ ಕಟ್ಟೆ

ಬಂದೂಕಿನ ನಳಿಗೆ ನನ್ನ ಬೆನ್ನಿಗಿತ್ತು. ನನ್ನ ಮುಂದೆ ಕಾದಂಬರಿಕಾರ ಸಲಾವುದ್ದೀನ್ ಮಾಸ್ತರ. ಅವನ ಮುಂದೆ ಕಲ್ಯಾಣದ ಕೋಟೆಯ ಬುರುಜು ಮುಗಿದು, ಬರೀ ಗಾಳಿ...

ಕೆಳಗೆ ಕಂದಕ. ಮಟಮಟ ಮಧ್ಯಾಹ್ನ. ಕೂಗಿದರೆ ಕೇಳಲು ಕಾಗೆಯೂ ಇಲ್ಲ!

ಬಂದೂಕು ಹಿಡಿದವನು ಖಾಜಾ. ಜಮೀನ್ದಾರ ದೇಶಮುಖನ ಟಾಂಗಾ ಹೊಡೆಯುವವನು.

“ಕೊನೀಗೆ ಯಾರ್ನ ಖೂನಿಗಾರ ಮಾಡಿ ಬರದೀದಿ ಮಾಸ್ತರ?” ಅಂದ.

ಉತ್ತರ ತಪ್ಪಿದರೆ ಮಾಸ್ತರ ಕಂದಕಕ್ಕೆ. ಅವನ ಹಿಂದೆಯೇ ನಾನು.

ನಾನು ಯಾರು ಅಂತೀರಾ? ಗೌಸ. ನಿಜಾಮರ ಪೊಲೀಸಿನಲ್ಲಿ ಜಮಾದಾರನಾಗಿದ್ದೆ. ಲಂಚ ತಿಂದೆ ಎಂದಲ್ಲ, ಹಂಚಿ ತಿನ್ನಲಿಲ್ಲ ಎಂದು ಹೊರಗೆ ಹಾಕಿದರು. ಆಮೇಲೆ ದೊಡ್ಡವರ ಹೊಲಸು ತೊಳೆಯುವುದೇ ಧಂದೆ.

ಅದು ೧೯೩೯. ಹುಮನಾಬಾದ್ ಕಡೆಯ ಹಳ್ಳಿಯ ಸಿದ್ದಪ್ಪ, ಇನ್ನು ಬಿಟ್ಟಿ ಚಾಕರಿಗೆ ಬರುವುದಿಲ್ಲ ಎಂದು ದೇಶಮುಖನ ಮುಖಕ್ಕೇ ಹೇಳಿದ್ದ. ಮರುದಿನ ದೇಶಮುಖನ ಬಾವಿಯಲ್ಲಿ ತೇಲಿದ. ಕುಡಿದು ಬಿದ್ದ ಎಂದು ಠಾಣೆಯ ಅಮೀನ ರಿಪೋರ್ಟು ಬರೆದ. ಕೇಸ್ ಕ್ಲೋಸ್!

ಸಿದ್ದಪ್ಪ ಹುಟ್ಟಿದಾಗಿನಿಂದ ಶೆರೆ ಮುಟ್ಟಿದವನಲ್ಲ.

ಸಲಾವುದ್ದೀನ್ ಹಗಲು ಉರ್ದು ಶಾಲೆಯ ಮಾಸ್ತರ. ಉಳಿದ ಹೊತ್ತು ಕನ್ನಡದಲ್ಲಿ ಪತ್ತೇದಾರಿ ಬರೆಯುವವನು. ಆ ಸಾವನ್ನೇ ಎತ್ತಿಕೊಂಡ. ಅವನ ಬರೆಯುವ ರೀತಿ ಬೇರೆ. ಹುಮನಾಬಾದಿನ ಸಂತೆಯ ದಿನ ಕಂಬಳಿ ನೇಯುವವರ ಕಟ್ಟೆಗೆ ಬಂದು ಒಂದು ಅಧ್ಯಾಯ ಓದುತ್ತಾನೆ. ಕನ್ನಡ ಓದಿಗೆ ಜನ ಸೇರಿದರೆ ಸರ್ಕಾರಕ್ಕೆ ಹೊಟ್ಟೆನೋವು. ಅದಕ್ಕೇ ಪುರಾಣ ಓದುತ್ತೇನೆ ಎಂದು ಪರವಾನಗಿ ಪಡೆದಿದ್ದ. ಓದಿ ಮುಗಿಸಿ, ಕೊಂದವರು ಯಾರು ಎಂದು ಜನರನ್ನೇ ಕೇಳುತ್ತಾನೆ. ಜನ ಕೂಗಿದವನನ್ನು ಮುಂದಿನ ಅಧ್ಯಾಯದಲ್ಲಿ ನಿರಪರಾಧಿ ಮಾಡುತ್ತಾನೆ. ಕೇಳುವವರು ಊಹಿಸಿದವನು ಕೊಲೆಗಾರನಾದರೆ ಕತೆಯ ಮಜಾ ಹೋಯಿತಲ್ಲ!

ಕತೆಯಲ್ಲಿ ಹೆಸರುಗಳಿರಲಿಲ್ಲ. ಬಾವಿಯ ಬಳಿ ನಾಲ್ವರು: ಧಣಿ, ಅವನ ಅಳಿಯ, ಕಾರಭಾರಿ, ಟಾಂಗಾದವನು.

ದೇಶಮುಖ ನನ್ನನ್ನು ಕರೆಸಿದ. ಕತೆಯ ಕೊನೆ ಏನೆಂದು ತಿಳಿದು ಬರಬೇಕು, ಕೆಟ್ಟದ್ದಾಗಿದ್ದರೆ ಮಾಸ್ತರನ ಬಲಗೈ ಮುರಿದು ಬರಬೇಕು ಎಂದ. ಕಟ್ಟೆಯ ರೀತಿ ತಿಳಿಸಿದೆ. ಹೊಟ್ಟೆ ಕುಣಿಸಿ ನಕ್ಕ.

“ಹಂಗಾದ್ರ ಮೊದಲ ನಂದs ಹೆಸರು ಕೂಗ್ಲಿ ಬಿಡೋ.”

ಕೂಗಿದರು. ಧಣಿ ಪಾರು! ದೇಶಮುಖ ನನಗೆ ಬಿರಿಯಾನಿ ತಿನ್ನಿಸಿದ. ಮುಂದಿನ ಸಂತೆಗೆ ಅಳಿಯ ಪಾರಾದ. ಅದರ ಮುಂದಿನದಕ್ಕೆ ಕಾರಭಾರಿ. ಗುಂಪಿನ ಹಿಂದೆ ನಿಂತಿದ್ದ ಖಾಜಾನ ಮುಖ ಬೂದಿಯಾದದ್ದನ್ನು ನಾನು ನೋಡಿದೆ... ನೋಡಿಯೂ ಸುಮ್ಮನಿದ್ದೆ.

ಮಾಸ್ತರನಿಗೆ ಇನ್ನೊಂದು ಹುಚ್ಚು. ಕೊಲೆಗಾರ ಕೋಟೆಯಿಂದ ಬೀಳುವುದಿದ್ದರೆ, ಮೊದಲು ತಾನು ಅಲ್ಲಿ ನಿಂತು ಬಗ್ಗಿ ನೋಡಬೇಕು. ಹಾಗೆ ಅವನು ಬುರುಜು ಏರಿದಾಗ, ಕೊನೆ ತಿಳಿಯಲು ನಾನು ಅವನ ಬೆನ್ನು ಹತ್ತಿದೆ. ಖಾಜಾ ಧಣಿಯ ಬಂದೂಕು ಕದ್ದು ನನ್ನ ಬೆನ್ನು ಹತ್ತಿದ್ದ.

ನಳಿಗೆ ಬೆನ್ನನ್ನು ಒತ್ತಿತು.

“ಮೂರು ಮಂದಿ ಪಾರಾದ್ರು. ಉಳದಾಂವ ನಾನs. ನೀ ಓದಿದ್ದನ್ನs ಊರು ನಂಬತದ.”

“ಅದು ಕತಿ, ಖಾಜಾ,” ಅಂದ ಮಾಸ್ತರ.

“ಕತಿ ಏನ್ ಕತಿ? ನಾ ಬರೇ ಕಾಲು ಹಿಡ್ದಿದ್ದೆ. ತಲಿ ನೀರಾಗ ಒತ್ತಿದಾಂವ ಧಣಿ.”

ತಾನು ಆಡಿದ ಮಾತು ಖಾಜಾನಿಗೇ ಕೇಳಿಸಿತು. ನಳಿಗೆ ಒಂದು ಬೆರಳಷ್ಟು ಸಡಿಲವಾಯಿತು.

ನನಗೆ ಅಷ್ಟು ಸಾಕು!

ಗರ್ರನೆ ತಿರುಗಿದೆ. ಗುಂಡು ಹಾರಿತು. ಕಲ್ಲಿನ ಚೂರು ಕೆನ್ನೆ ಸೀಳಿತು. ಧೂಳು ಇಳಿದಾಗ ಬಂದೂಕು ನನ್ನ ಕೈಯಲ್ಲಿತ್ತು. ಖಾಜಾ ನೆಲದ ಮೇಲಿದ್ದ. ಮಾಸ್ತರ ಬುರುಜಿನ ಕಲ್ಲನ್ನು ತಬ್ಬಿ ಕುಕ್ಕರಿಸಿದ್ದ.

ಬಾವಿಯ ಬಳಿ ಆ ನಾಲ್ವರೇ ಇದ್ದರೆಂದು ಯಾರು ಹೇಳಿದರು ಎಂದು ಮಾಸ್ತರನನ್ನು ಕೇಳಿದೆ.

“ಯಾರೂ ಹೇಳಿಲ್ರಿ. ಕತಿಗೆ ನಾಲ್ಕು ಮಂದಿ ಬೇಕಾಗಿತ್ತು.”

ಈ ಹೊಲಸು ಮಾತ್ರ ನನ್ನಿಂದ ತೊಳೆಯಲಾಗಲಿಲ್ಲ. ಖಾಜಾನನ್ನು ಅಮೀನನ ಮುಂದೆ ನಿಲ್ಲಿಸಿದೆ. ಎಲ್ಲ ಹೇಳಿದ. ಅಮೀನ ದೇಶಮುಖನ ತೋಟದ ಮಾವು ಚೀಪುತ್ತಾ ಕೇಳಿದ. ಪೆನ್ನು ಮುಟ್ಟಲಿಲ್ಲ. ಖಾಜಾ ಅಂದೇ ಊರು ಬಿಟ್ಟ.

ಸಂತೆ ಬಂತು. ಮಾಸ್ತರ ಕಟ್ಟೆ ಏರಿದ. ಕಾಲು ಯಾರು ಹಿಡಿದರು, ತಲೆ ಯಾರು ಒತ್ತಿದರು, ಎಲ್ಲ ಓದಿದ. ಕೊಂದವರು ಯಾರು ಎಂದು ಕೇಳಿದ.

ಹೆಸರು ಕೂಗಿದರೆ ಆತ ಪಾರು ಎಂದು ಊರಿಗೆ ಗೊತ್ತು. ಯಾರೂ ಕೂಗಲಿಲ್ಲ.

ಸಿದ್ದಪ್ಪನ ಹೆಂಡತಿ ಗಯಾಬಾಯಿ ಎದ್ದಳು. ಸೀರೆಯ ಧೂಳು ಕೊಡವಿ ನಡೆದಳು. ಹಿಂದೆ ಎಲ್ಲರೂ. ಅಷ್ಟು ಜನ ಅಷ್ಟು ಮೌನವಾಗಿ ನಡೆದದ್ದನ್ನು ನಾನು ಹೆಣದ ಹಿಂದೆಯೂ ಕಂಡಿಲ್ಲ!

ಮರುದಿನ ದೇಶಮುಖನ ತಳವಾರ ಬಿಟ್ಟಿಗೆ ಕೂಗು ಹಾಕಿದ. ಒಂದು ಬಾಗಿಲೂ ತೆರೆಯಲಿಲ್ಲ. ಬಿತ್ತನೆಯ ಹೊಲ ಖಾಲಿ. ಅವನ ಮನೆಯ, ಆ ದೊಡ್ಡ ವಾಡೆಯ ಮುಂದೆ ಮಾತ್ರ ಜನ... ಸುಮ್ಮನೆ ಕೂತಿದ್ದರು.

ದೇಶಮುಖ ನನಗೆ ಹೇಳಿ ಕಳಿಸಿದ. ಈ ಸಲ ಬಿರಿಯಾನಿ ಇಲ್ಲ. ಹುಕ್ಕಾದ ನಳಿಗೆ ಅವನ ಬಾಯಿಗೆ ಸಿಗುತ್ತಿರಲಿಲ್ಲ.

“ಗೌಸ, ಕತಿ ಮುಗೀತೇನು?”

“ಕೊನೀ ಅಧ್ಯಾಯ ಒಂದು ಬಾಕಿ ಅದರಿ ಧಣಿ. ಅದನ್ನ ನಾವs ಬರದು ಕೊಡ್ತೀವಂತ ಊರ ಮಂದಿ ಅಂದಾರ.”